ಅರವತ್ತೆರಡು ಹೆಜ್ಜೆಯ ನೆಗಡಿ

ನಮ್ಮೂರಲ್ಲಿ ಬೆಳಿಗ್ಗೆ ಹತ್ತು ಗಂಟೆಗೆ ಯಾರೂ ಮಾತಾಡುವುದಿಲ್ಲ. ಹಿಟ್ಟಿನ ಗಿರಣಿ ನಿಲ್ಲುತ್ತದೆ. ಕುಕ್ಕರ್ ಇಟ್ಟವರು ಸೀಟಿ ಬರುವ ಮೊದಲೇ ಒಲೆ ಆರಿಸುತ್ತಾರೆ. ಹೊತ್ತು ತಪ್ಪಿ ಬಂದ ಬಸ್ಸಿನ ಡ್ರೈವರ್ ಸೇತುವೆಯ ಆಚೆಯೇ ಎಂಜಿನ್ ಬಂದ್ ಮಾಡಿ ಬೀಡಿ ಹಚ್ಚುತ್ತಾನೆ. ಜಗಳ ಆಡುತ್ತಿದ್ದವರು ಬಾಯಿಗೆ ಬಂದ ಬೈಗುಳವನ್ನು ಹಾಗೇ ತಡೆದುಕೊಂಡು, ಆಮೇಲೆ ಎಲ್ಲಿ ಬಿಟ್ಟಿದ್ದರೋ ಅಲ್ಲಿಂದ ಮುಂದುವರಿಸುತ್ತಾರೆ. ಈ ಮೌನಕ್ಕೆಲ್ಲ ಕಾರಣ ನಾನು. ಹೀಗೆ ಹೇಳಿದರೆ ಜಂಬ ಅನ್ನುತ್ತೀರಿ. ಅನ್ನಿ, ಹತ್ತೊಂಬತ್ತು ವರ್ಷ ಊರಿಗೆ ಊರೇ ನನ್ನ ಕಿವಿಗಾಗಿ ಬಾಯಿ ಮುಚ್ಚಿಕೊಂಡಿದ್ದರೆ ನಿಮಗೂ ಸ್ವಲ್ಪ ಜಂಬ ಬರುತ್ತಿತ್ತು.

ನನ್ನ ಹೆಸರು ವನಜಾಕ್ಷಿ. ಆಸ್ಪತ್ರೆಯಲ್ಲಿ ಹೆಜ್ಜೆ ಅಳೆಯುವುದು ನನ್ನ ಕೆಲಸ. ನೆಗಡಿ, ಕೆಮ್ಮು, ಜ್ವರ ಅಂತ ಬಂದವರ ಮೂಗಿಗೆ ಕಾಂಪೌಂಡರ್ ಹತ್ತಿಕಡ್ಡಿ ತೂರಿಸಿ ಸ್ಯಾಂಪಲ್ ತೆಗೆಯುತ್ತಾನೆ. ಕಡ್ಡಿಯನ್ನು ಸಣ್ಣ ಗಾಜಿನ ಸೀಸೆಯಲ್ಲಿಟ್ಟು ಬಿರಡೆ ಹಾಕಿದ ಸ್ವಲ್ಪ ಹೊತ್ತಿಗೆ ಸೀಸೆ ಕೂಗಲು ಶುರು ಮಾಡುತ್ತದೆ. ಕೆಲವು ಸೊಳ್ಳೆಯ ಹಾಗೆ ಗುಂಯ್ ಅನ್ನುತ್ತವೆ, ಕೆಲವು ಜೀರುಂಡೆಯ ಹಾಗೆ ಕಿವಿ ಕೊರೆಯುತ್ತವೆ. ಜಗಲಿಯ ಕಲ್ಲುಬೆಂಚಿನ ಮೇಲೆ ಸೀಸೆ, ಅದರ ಹಿಂದೆ ಸ್ಟೂಲಿನ ಮೇಲೆ ರೋಗಿ. ನಾನು ಇಬ್ಬರಿಗೂ ಬೆನ್ನು ಮಾಡಿ ನಡೆಯುತ್ತಾ ಹೋಗುತ್ತೇನೆ. ಯಾವ ಹೆಜ್ಜೆಗೆ ಸದ್ದು ನಿಲ್ಲುತ್ತದೋ ಅವರದು ಅಷ್ಟು ಹೆಜ್ಜೆಯ ನೆಗಡಿ.

ಐದು ಹೆಜ್ಜೆಯಾದರೆ ಮನೆಯಲ್ಲೇ ಮೆಣಸಿನ ಸಾರು. ಹತ್ತಾದರೆ ಕಚೇರಿಗೆ ರಜೆ. ಇಪ್ಪತ್ತು ದಾಟಿದರೆ ನೆಂಟರಿಷ್ಟರು ಬ್ರೆಡ್ಡು, ಮೋಸಂಬಿ ಹಿಡಿದು ನೋಡಲು ಬರಲೇಬೇಕು, ಬಾರದವರನ್ನು ಮುಂದಿನ ಮದುವೆಗೆ ಕರೆಯುವುದಿಲ್ಲ. ಹೆಣ್ಣು ನೋಡುವ ಶಾಸ್ತ್ರದಲ್ಲೂ ಇದೇ ಮಾತು: "ನಮ್ಮ ಹುಡುಗನಿಗೆ ಹುಟ್ಟಿದಾಗಿನಿಂದ ಎಂಟು ಹೆಜ್ಜೆ ದಾಟಿಲ್ಲ." ನನಗಿಂತ ಮೊದಲು ಈ ಕೆಲಸದಲ್ಲಿದ್ದವರು ಜಟ್ಟಪ್ಪ ಅಂತ, ಬಲು ಕುಳ್ಳರು. ಅವರು ನಿವೃತ್ತರಾಗಿ ನಾನು ಬಂದ ಒಂದೇ ವಾರದಲ್ಲಿ ಊರಿನ ನೆಗಡಿಯೆಲ್ಲ ಕಾಲು ಭಾಗ ಇಳಿಯಿತು. ನನ್ನ ಕಾಲ್ಗುಣ ಅಂತ ಜನ ಹೊಗಳಿದರು. ನನ್ನ ಕಾಲು ಉದ್ದ ಅನ್ನುವುದು ಯಾರಿಗೂ ಹೊಳೆಯಲಿಲ್ಲ. ನಾನೂ ಹೇಳಲು ಹೋಗಲಿಲ್ಲ.

ಹೆಜ್ಜೆಗೆ ಇದೆಲ್ಲಕ್ಕಿಂತ ದೊಡ್ಡ ಇನ್ನೊಂದು ಕೆಲಸವಿತ್ತು. ನಮ್ಮ ಆಸ್ಪತ್ರೆಯಲ್ಲಿ ಆಕ್ಸಿಜನ್ ಸಿಲಿಂಡರ್ ಇರುವ ಹಾಸಿಗೆ ಒಂದೇ ಒಂದು. ಗಾಳಿ ಹಾಸಿಗೆ ಅನ್ನುತ್ತಾರೆ. ಮೊದಲು ಅದು ಯಾರ ಮಾವ ದೊಡ್ಡವನೋ ಅವರಿಗೆ ಸಿಗುತ್ತಿತ್ತು. ಅದರಿಂದ ಮನೆಮನೆಗೆ ವೈಮನಸ್ಸು ಬೆಳೆದು, ಕೊನೆಗೆ ಆಸ್ಪತ್ರೆ ಸಮಿತಿಯ ಅಧ್ಯಕ್ಷರಾದ ಧರಣೇಂದ್ರಯ್ಯನವರು ಒಂದು ನಿಯಮ ಮಾಡಿದರು: ಊರಲ್ಲಿ ಯಾರ ಸೀಸೆ ಎಲ್ಲಕ್ಕಿಂತ ಹೆಚ್ಚು ಹೆಜ್ಜೆ ಕೂಗುತ್ತದೋ ಅವರಿಗೆ ಹಾಸಿಗೆ. ಬಡವ ಬಲ್ಲಿದ ಭೇದವಿಲ್ಲ. ನಿಯಮ ಆದ ವರ್ಷವೇ ಧರಣೇಂದ್ರಯ್ಯನವರ ಸ್ವಂತ ಬೀಗರು ಹನ್ನೊಂದು ಹೆಜ್ಜೆಯವರು ಅಂತ ಹೊರಗುಳಿದರು, ಮೂವತ್ತು ಹೆಜ್ಜೆಯ ಹೆಂಡದಂಗಡಿಯವನು ಒಳಗೆ ಮಲಗಿದ. ಆವತ್ತಿನಿಂದ ಆ ನಿಯಮವನ್ನು ಊರು ಕಣ್ಣಿಗೆ ಒತ್ತಿಕೊಂಡಿತು. ಅದನ್ನು ಕಾಯುವ ಕಿವಿ ನನ್ನದು.

ಅಂದ ಮೇಲೆ ಡಾಕ್ಟರು ಯಾಕೆ ಅಂತ ನೀವು ಕೇಳಬಹುದು. ಡಾಕ್ಟರ್ ಇಂದುಧರ ಅಂತ ಒಬ್ಬರಿದ್ದರು, ಬಂದು ಎರಡು ವರ್ಷವಾಗಿತ್ತು, ಮೆತ್ತಗಿನ ಮಾತಿನ ಮನುಷ್ಯ. ಅವರ ಊರಲ್ಲಿ ಸೀಸೆಗಳು ಕೂಗುವುದಿಲ್ಲವಂತೆ. ಪಾಪ, ಅಲ್ಲಿ ರೋಗಿಗಳನ್ನೇ ಕೇಳಿ ತಿಳಿದುಕೊಳ್ಳಬೇಕಂತೆ. "ಸೀಸೆ ಏನೋ ಹೇಳ್ತದೆ ನಿಜ ವನಜಾಕ್ಷಿಯವರೇ, ಆದ್ರೆ ನಾವು ಅಂದ್ಕೊಂಡಿದ್ದನ್ನೇ ಹೇಳ್ತಿದೆಯಾ ಅಂತ ನಂಗೆ ಅನುಮಾನ" ಅಂತ ಒಂದೆರಡು ಸಲ ಅಂದಿದ್ದರು. ಹೊಸಬರು, ಊರಿಗೆ ಹೊಂದಿಕೊಳ್ಳಲು ಟೈಮು ಬೇಕು ಅಂತ ನಾನು ಸುಮ್ಮನಾಗಿದ್ದೆ.

ಆ ವರ್ಷ ಚಳಿ ಶುರುವಾದ ಮೊದಲ ವಾರವೇ ಬ್ಯಾಂಡ್‌ಸೆಟ್ಟಿನ ಮರಿಮಲ್ಲಪ್ಪ ಬಂದ. ಕಹಳೆ ಊದುವವನು, ಎತ್ತಿನಂಥ ಆಳು. "ಎರಡು ಸಲ ಸೀನು ಬಂತು ವನಜಕ್ಕ, ಹೆಂಡ್ತಿ ಕಳಿಸಿದ್ಳು" ಅಂತ ನಗುತ್ತಾ ಸ್ಟೂಲಿನ ಮೇಲೆ ಕೂತ. ಸೀಸೆಗೆ ಬಿರಡೆ ಹಾಕುತ್ತಿದ್ದ ಹಾಗೇ ಕಾಂಪೌಂಡರ್ ಕಿವಿ ಮುಚ್ಚಿಕೊಂಡ. ಅಂಥ ಕೂಗನ್ನು ನನ್ನ ಸರ್ವೀಸಿನಲ್ಲಿ ಕೇಳಿರಲಿಲ್ಲ. ನಡೆಯಲು ಶುರು ಮಾಡಿದೆ. ಇಪ್ಪತ್ತಾರಕ್ಕೆ ಗೇಟು ದಾಟಿತು. ಮೂವತ್ತನಾಲ್ಕಕ್ಕೆ ರಸ್ತೆ ದಾಟಿದೆ. ನಲವತ್ತೈದಕ್ಕೆ ಕ್ಷೌರದಂಗಡಿ, ಒಳಗೆ ಅರ್ಧ ಗಡ್ಡ ಬೋಳಿಸಿಕೊಂಡ ಗಿರಾಕಿ ಕನ್ನಡಿಯಲ್ಲೇ ನನ್ನನ್ನು ನೋಡುತ್ತಾ ಉಸಿರು ಬಿಗಿಹಿಡಿದಿದ್ದ. ಅರವತ್ತೆರಡನೇ ಹೆಜ್ಜೆಗೆ ಕೆರೆಯ ನೀರು ನನ್ನ ಮೊಣಕಾಲಿಗೆ ಬಂತು. ಆಗಲೂ ಸದ್ದು ಸಣ್ಣಗೆ ಕೇಳುತ್ತಲೇ ಇತ್ತು, ಆದರೆ ನನಗೆ ಈಜು ಬರುವುದಿಲ್ಲ. ಅರವತ್ತೆರಡು ಅಂತ ಬರೆದೆವು.

ಮರಿಮಲ್ಲಪ್ಪನನ್ನು ಆ ಕ್ಷಣವೇ ಗಾಳಿ ಹಾಸಿಗೆಯಲ್ಲಿ ಮಲಗಿಸಿದರು. "ನಂಗೇನೂ ಆಗಿಲ್ಲ ಸ್ವಾಮಿ" ಅಂತ ಅವನು ಎಷ್ಟು ಹೇಳಿದರೂ ಧರಣೇಂದ್ರಯ್ಯನವರು ಅವನ ತಲೆ ಸವರಿ, "ದೊಡ್ಡ ಕಾಯಿಲೆಯವರು ಹೀಗೇ ಅನ್ನೋದು" ಅಂದರು. ಊರು ಕಣ್ಣೀರು ಹಾಕಿತು. ಆಮೇಲೆ ಕಣ್ಣೀರು ಒರೆಸಿಕೊಂಡು ಅರವತ್ತೆರಡರ ಸೀಸೆಯನ್ನು ಕೇಳಲು ಸಾಲುಗಟ್ಟಿ ಬಂತು. ಬೆಳಿಗ್ಗೆ ಹೆಂಗಸರು, ಮಧ್ಯಾಹ್ನ ಶಾಲೆ ಮಕ್ಕಳು, ಸಂಜೆ ಕ್ಲಬ್ಬಿನವರು. ಎಲ್ಲರೂ ಹಾಸಿಗೆಯ ಪಕ್ಕ ಕೂತು, ಅವನ ಕೈ ಹಿಡಿದು, ಅವನ ಮುಖದ ಹತ್ತಿರ ಬಗ್ಗಿ ಧೈರ್ಯ ಹೇಳಿ ಹೋದರು. ಅವನು ಬ್ರೆಡ್ಡು ತಿಂದ, ಮೋಸಂಬಿ ತಿಂದ, ನರ್ಸು ಅತ್ತ ಹೋದಾಗ ಕಿಟಕಿಯಿಂದ ಬೋಂಡ ತರಿಸಿಕೊಂಡು ತಿಂದ. ಮೂಗಿಗೆ ಹಾಕಿದ್ದ ಆಕ್ಸಿಜನ್ ನಳಿಕೆಯನ್ನು ಕಿವಿಗೆ ಸಿಕ್ಕಿಸಿಕೊಂಡು ಇಸ್ಪೀಟಾಡಿದ. ಐದು ದಿನ ಕಳೆಯುವುದರೊಳಗೆ ಅವನನ್ನು ನೋಡಲು ಬಂದ ಬೀದಿ ಬೀದಿಯೆಲ್ಲ ಸೀಸೆ ಹಿಡಿದುಕೊಂಡು ನನ್ನ ಜಗಲಿಗೆ ಬಂತು. ಇಷ್ಟು ಜನರಿಗೆ ಒಟ್ಟಿಗೇ ಯಾಕೆ ಬಂತು ಅಂತ ಎಲ್ಲರೂ ಹವೆಯನ್ನು ಬೈದರು. ಡಾಕ್ಟರ್ ಇಂದುಧರ ಮಾತ್ರ ಮರಿಮಲ್ಲಪ್ಪನ ಕಡೆ ನೋಡಿದರು, ಏನೋ ಹೇಳಲು ಬಾಯಿ ತೆರೆದರು, ಅಷ್ಟರಲ್ಲಿ ಹತ್ತು ಗಂಟೆಯ ಗಂಟೆ ಹೊಡೆಯಿತು.

ನನಗೆ ಒಬ್ಬಳು ಅಕ್ಕ, ಅಂಬುಜಾಕ್ಷಿ. ಅಪ್ಪ ಇಬ್ಬರಿಗೂ ಕಣ್ಣಿನ ಹೆಸರಿಟ್ಟರು. ಆದರೆ ನನಗೆ ಅನ್ನ ಹಾಕಿದ್ದು ಕಿವಿ, ಅವಳಿಗೆ ಕೈ. ಅಕ್ಕ ಟೈಲರ್. ಬಾಯಲ್ಲಿ ನಾಲ್ಕು ಗುಂಡುಪಿನ್ನು ಕಚ್ಚಿಕೊಂಡೇ ಊರ ಸುದ್ದಿಯೆಲ್ಲ ಮಾತಾಡುವ ವಿದ್ಯೆ ಅವಳೊಬ್ಬಳಿಗೇ ಗೊತ್ತು. ಬ್ಯಾಂಡ್‌ಸೆಟ್ಟಿನವರ ಹನ್ನೊಂದು ಕೆಂಪು ಮಖಮಲ್ಲಿನ ಕೋಟು ಅವಳ ಕೈಯಲ್ಲಿತ್ತು. ಮರಿಮಲ್ಲಪ್ಪನ ಎದೆ ಅಳತೆ ತೆಗೆಯುವಾಗ ಅವನು ಅವಳ ಮುಖಕ್ಕೇ ಸೀನಿದ್ದನಂತೆ. "ಪಿನ್ನು ನುಂಗ್ತಿದ್ದೆ ಕಣೇ, ದೇವ್ರು ದೊಡ್ಡವನು" ಅಂತ ಅವಳೇ ನನಗೆ ಹೇಳಿ ನಕ್ಕಿದ್ದಳು. ಅದು ಅವನು ಆಸ್ಪತ್ರೆಗೆ ಬರುವ ಹಿಂದಿನ ದಿನ.

ಬೀದಿಯ ಸೀಸೆಗಳನ್ನೆಲ್ಲ ಅಳೆಯುವ ಗಡಿಬಿಡಿಯಲ್ಲಿ ನಾನು ಹತ್ತು ದಿನ ಅಕ್ಕನ ಮನೆಯ ಕಡೆ ಹೋಗಲಿಲ್ಲ. ಹೋದಾಗ ಅವಳು ಹೊಲಿಗೆ ಮೆಷಿನ್ನಿಗೆ ಒರಗಿ ಕೂತಿದ್ದಳು. ಹತ್ತು ಕೋಟು ಗೋಡೆಗೆ ನೇತಾಡುತ್ತಿದ್ದವು, ಹನ್ನೊಂದನೆಯದು ತೋಳಿಲ್ಲದೆ ತೊಡೆಯ ಮೇಲಿತ್ತು. ಮುಖ ಬೂದಿ ಬಣ್ಣಕ್ಕೆ ತಿರುಗಿತ್ತು.

"ಏನಕ್ಕಾ ಇದು?"

"ಏನಿಲ್ಲ." ಉಸಿರು ಎಳೆದುಕೊಂಡಳು. "ಜ್ವರ." ಮತ್ತೆ ಉಸಿರು. "ಒಂದು ತೋಳು ಬಾಕಿ."

ಎರಡು ಪದಕ್ಕೊಮ್ಮೆ ನಿಲ್ಲುವ ಹೆಂಗಸಲ್ಲ ನನ್ನ ಅಕ್ಕ. ಓಡಿಹೋಗಿ ಡಾಕ್ಟರನ್ನು ಕರೆತಂದೆ. ಅವರು ಅವಳ ಬೆನ್ನಿಗೆ ಸ್ಟೆತಾಸ್ಕೋಪ್ ಇಟ್ಟು ಬಹಳ ಹೊತ್ತು ಕೇಳಿದರು. ಆಮೇಲೆ ನನ್ನನ್ನು ಬಾಗಿಲಿನ ಹೊರಗೆ ಕರೆದು, "ಇವರಿಗೆ ಇವತ್ತೇ ಆಕ್ಸಿಜನ್ ಬೇಕು. ದೊಡ್ಡಾಸ್ಪತ್ರೆ ಆರು ಗಂಟೆ ದಾರಿ, ಇವರು ಬಸ್ಸಲ್ಲಿ ತಡ್ಕೊಳ್ಳಲ್ಲ. ಆ ಹಾಸಿಗೆ ಬೇಕು" ಅಂದರು. ಅವರೇ ಧರಣೇಂದ್ರಯ್ಯನವರ ಮನೆಗೂ ಹೋದರು. ಒಂದು ಸಿಲಿಂಡರನ್ನಾದರೂ ಅಕ್ಕನ ಮನೆಗೆ ಕೊಡಿ ಅಂತ ಕೇಳಿದರೆ, ಸಿಲಿಂಡರನ್ನು ಮಂಚಕ್ಕೆ ಸೇರಿಸಿ ಬೀಗ ಹಾಕಿದೆ, ಬೀಗಕ್ಕೂ ನಿಯಮ ಇದೆ, ನಾಳೆ ಹತ್ತಕ್ಕೆ ಸ್ಯಾಂಪಲ್ ತನ್ನಿ, ಹೆಜ್ಜೆ ನೋಡೋಣ ಅಂತ ಉತ್ತರ ಬಂತು.

ಆ ಮಧ್ಯಾಹ್ನ ನಾನು ಮಾಡಿದ ಕೆಲಸ ಹೇಳಿಕೊಳ್ಳಲು ನಾಚಿಕೆ. ಅಕ್ಕನ ಹಿತ್ತಿಲಿಗೆ ಹೋಗಿ ಸೌದೆ ರಾಶಿ ಕೆದಕಿ ಒಂದು ಜೀರುಂಡೆ ಹಿಡಿದೆ. ಬೆಂಕಿಪೊಟ್ಟಣಕ್ಕೆ ಹಾಕಿದೆ. ಸೀಸೆಯಲ್ಲಿ ಕಡ್ಡಿಯ ಜೊತೆ ಇದೂ ಇದ್ದರೆ ಕೆರೆ ದಾಟಿ ಕೇಳಿಸುತ್ತದೆ ಅಂತ ನನ್ನ ಎಣಿಕೆ. ಜೀರುಂಡೆ ಪೊಟ್ಟಣದೊಳಗೆ ತುಟಿ ಬಿಚ್ಚಲಿಲ್ಲ. ಅಲ್ಲಾಡಿಸಿದೆ, ಊದಿದೆ, ಬೇಡಿಕೊಂಡೆ. ಈ ಊರಿನ ಜೀರುಂಡೆಗೂ ಯಾವಾಗ ಸುಮ್ಮನಿರಬೇಕು ಅನ್ನುವ ಪಾಠ ಆಗಿಹೋಗಿತ್ತೋ ಏನೋ. ಸಾಕಾಗಿ ಬಿಟ್ಟುಬಿಟ್ಟೆ. ಅದು ಸೌದೆಯೊಳಗೆ ಹೋಗಿ ಕೂತು ತಕ್ಷಣ ಕಿರ್ರೋ ಅಂತ ಶುರು ಮಾಡಿತು.

ಮರುದಿನ ಅಕ್ಕನನ್ನು ಕುರ್ಚಿಯಲ್ಲಿ ಕೂರಿಸಿ, ಬ್ಯಾಂಡ್‌ಸೆಟ್ಟಿನ ನಾಲ್ವರು ಹೊತ್ತು ತಂದರು. ಜಗಲಿಯಲ್ಲಿ ಧರಣೇಂದ್ರಯ್ಯನವರು ಸಮಿತಿಯ ಪುಸ್ತಕ ಹಿಡಿದು ಕೂತಿದ್ದರು. ಹೆಜ್ಜೆಯಮ್ಮನ ಅಕ್ಕನದೇ ಸ್ಯಾಂಪಲ್ ಅಂತ ಸುದ್ದಿ ಹಬ್ಬಿ ರಸ್ತೆಯ ತನಕ ಜನ. ಕಾಂಪೌಂಡರ್ ಕಡ್ಡಿ ತೂರಿಸಿದ, ಸೀಸೆಗಿಟ್ಟ, ಬಿರಡೆ ಹಾಕಿದ. ಗಂಟೆ ಹೊಡೆಯಿತು. ಗಿರಣಿ ನಿಂತಿತು. ಊರು ಸುಮ್ಮನಾಯಿತು.

ಸೀಸೆಯೂ ಸುಮ್ಮನಿತ್ತು. ನಾನು ಬಗ್ಗಿ ಕಿವಿಯನ್ನು ಗಾಜಿಗೇ ಅಂಟಿಸಿದೆ. ಸೊಳ್ಳೆಯಷ್ಟೂ ಸದ್ದಿಲ್ಲ. ಸೊನ್ನೆ ಹೆಜ್ಜೆಯ ಸ್ಯಾಂಪಲ್‌ಗಳು ಅಪರೂಪಕ್ಕೆ ಬರುತ್ತಿದ್ದವು. ಅಂಥವರಿಗೆ ನಾನು ಹೇಳುತ್ತಿದ್ದ ಮಾತು ಒಂದೇ: "ಏನೂ ಇಲ್ಲ, ಮನೆಗೆ ಹೋಗಿ ಮಲಗಿ."

ಈಗ ಅದನ್ನು ಅಕ್ಕನಿಗೆ ಹೇಳಬೇಕಿತ್ತು. ಸುಳ್ಳು ಹೇಳಿದರೆ? ಊರಿಗೆ ನನ್ನ ಕಿವಿಯೇ ಕೊನೆಯ ಮಾತು, ಅರವತ್ಮೂರು ಅಂದರೆ ಕೆರೆಗಿಳಿದು ಪರೀಕ್ಷೆ ಮಾಡುವವರು ಯಾರೂ ಇಲ್ಲ. ನಾಲಿಗೆಯ ತುದಿಗೆ ಬಂತು. ಆದರೆ ಇವತ್ತು ನನ್ನ ಅಕ್ಕನಿಗೆ ಸುಳ್ಳು ಹೆಜ್ಜೆ ಕೊಟ್ಟರೆ, ನಾಳೆ ಹಾಸಿಗೆ ಮತ್ತೆ ಯಾರ ಮಾವ ದೊಡ್ಡವನೋ ಅವನದೇ. ಯೋಚನೆ ಮಾಡುತ್ತಲೇ ಅಭ್ಯಾಸಬಲದಿಂದ ಬೆನ್ನು ತಿರುಗಿಸಿ ನಡೆಯಲು ಶುರು ಮಾಡಿಬಿಟ್ಟೆ. ಸೀಸೆಯಲ್ಲಿ ಸದ್ದೇ ಇಲ್ಲ ಅನ್ನುವುದು ನನಗೆ ಗೊತ್ತು, ಆದರೂ ನಾನು ನಡೆಯುತ್ತಿದ್ದೇನೆ. ಒಂದು, ಎರಡು, ಮೂರು. ಹತ್ತು. ಕಿವಿಗೆ ಏನೋ ಬೀಳುತ್ತಲೇ ಇತ್ತು. ಹದಿನೆಂಟು, ಜಗಲಿ ಮುಗಿಯಿತು. ಅಂಗಳಕ್ಕಿಳಿದರೂ ಅದು ಹಿಂದೆಯೇ ಬರುತ್ತಿತ್ತು. ತೂತು ಬಿದ್ದ ತಿದಿಯನ್ನು ಯಾರೋ ಅವಸರ ಅವಸರವಾಗಿ ಒತ್ತಿದ ಹಾಗೆ. ಗೇಟಿನ ಹತ್ತಿರ ಇಪ್ಪತ್ತಾರಕ್ಕೆ ನನ್ನ ಕಾಲು ನಿಂತಿತು. ನಡೆಯುವಾಗ ಹಿಂದೆ ತಿರುಗಬಾರದು ಅನ್ನುವುದು ಜಟ್ಟಪ್ಪನವರು ಕಲಿಸಿದ ಮೊದಲ ಪಾಠ, ನೋಡಿದರೆ ಕಿವಿ ಮೋಸ ಹೋಗುತ್ತದೆ ಅಂತ. ನಾನು ತಿರುಗಿದೆ.

ಬೆಂಚಿನ ಮೇಲೆ ಸೀಸೆ ಥಳಥಳ ಹೊಳೆಯುತ್ತಿತ್ತು. ಅದರ ಹಿಂದೆ ನನ್ನ ಅಕ್ಕ. ಪ್ರತಿ ಉಸಿರಿಗೂ ಅವಳ ಭುಜ ಕಿವಿಯ ತನಕ ಏರುತ್ತಿತ್ತು, ಕತ್ತಿನ ಗುಳಿ ಒಳಗೆ ಸೇದಿಕೊಳ್ಳುತ್ತಿತ್ತು. ಅಳು ನುಗ್ಗಿ ಬಂತು. ಅಳುತ್ತಲೇ ವಾಪಸು ನಡೆದೆ.

"ಎಷ್ಟು ವನಜಮ್ಮ?" ಧರಣೇಂದ್ರಯ್ಯನವರು ಪಿಸುಗುಟ್ಟಿದರು.

"ಸೀಸೆದು ಸೊನ್ನೆ."

"ಮತ್ತೆ ಗೇಟಿನ ತನಕ ಯಾಕೆ ಹೋದ್ರಿ?"

"ಅಲ್ಲೀತನಕ ಅಕ್ಕನ ಉಸಿರು ಕೇಳಿಸ್ತಿತ್ತು. ನೀವೂ ಕೇಳಿ ಸ್ವಾಮಿ. ಊರೇ ಸುಮ್ಮನಿದೆ, ಇದಕ್ಕಿಂತ ಒಳ್ಳೆ ಹೊತ್ತು ಸಿಗೋದಿಲ್ಲ."

ಅವರು ಕೇಳಿದರು. ಕಾಂಪೌಂಡರ್ ಕೇಳಿದ. ರಸ್ತೆಯಲ್ಲಿ ನಿಂತವರು ಕೇಳಿದರು. ಅಷ್ಟು ವರ್ಷ ಹತ್ತು ಗಂಟೆಗೆ ಬಾಯಿ ಮುಚ್ಚಿಕೊಂಡಿದ್ದ ಊರು ಮೊದಲ ಸಲ ಸೀಸೆಯ ಹಿಂದೆ ಕೂತವರನ್ನು ಕೇಳಿಸಿಕೊಂಡಿತು. ಗುಂಪಿನಲ್ಲಿ ಯಾವುದೋ ಹೆಂಗಸು "ಅಯ್ಯೋ ಶಿವನೇ" ಅಂದಳು. ಹತ್ತು ಗಂಟೆಯ ಮೌನ ಮುರಿದದ್ದಕ್ಕೆ ಯಾರೂ ಅವಳನ್ನು ಗದರಿಸಲಿಲ್ಲ.

ಧರಣೇಂದ್ರಯ್ಯನವರು ಕೆಟ್ಟವರಲ್ಲ. ಅವರ ಕಣ್ಣೂ ಒದ್ದೆಯಾಗಿತ್ತು. ಆದರೆ ಪುಸ್ತಕ ಅವರ ತೊಡೆಯ ಮೇಲಿತ್ತು. "ನಂಗೂ ಕೇಳ್ತದಮ್ಮ. ಆದ್ರೆ ನಿಯಮ ನಿಮ್ಮಕ್ಕಂಗೆ ಅಂತ ಮುರಿದ್ರೆ, ನಾಳೆ ನಮ್ಮ ಬೀಗರು ಬಂದು ಕತ್ತಿನ ಪಟ್ಟಿ ಹಿಡೀತಾರೆ. ಮರಿಮಲ್ಲಪ್ಪನ ಸೀಸೆ ಇನ್ನೂ ನಲವತ್ತು ಹೆಜ್ಜೆ ಕೂಗ್ತಾ ಇದೆ. ಅವನನ್ನ ಎಬ್ಬಿಸೋ ಹಾಗಿಲ್ಲ."

"ಯಾರನ್ನ ಎಬ್ಬಿಸೋದು?" ಅಂತ ಬಾಗಿಲಲ್ಲಿ ದನಿ ಕೇಳಿತು. ಮರಿಮಲ್ಲಪ್ಪ ಪಟ್ಟಾಪಟ್ಟಿ ಚಡ್ಡಿಯಲ್ಲಿ, ಕಂಕುಳಲ್ಲಿ ದಿಂಬು ಸಿಕ್ಕಿಸಿಕೊಂಡು, ಕೈಯಲ್ಲಿ ತನ್ನ ಸೀಸೆ ಹಿಡಿದು ನಿಂತಿದ್ದ. ಅವನ ದಪ್ಪ ಮುಖ ಕೆಂಪಗಾಗಿತ್ತು. ಅಕ್ಕನ ಕಡೆ ನೋಡಲಾರದೆ ನೆಲ ನೋಡುತ್ತಿದ್ದ. "ಸ್ವಾಮಿ, ಆ ನಿಯಮ ಒಂದ್ಸಲ ಓದಿ."

ಧರಣೇಂದ್ರಯ್ಯನವರು ಕನ್ನಡಕ ಏರಿಸಿ ಓದಿದರು: "ಅತಿ ಹೆಚ್ಚು ಹೆಜ್ಜೆ ಕೇಳಿಬರುವ ಸೀಸೆಗೆ ಗಾಳಿ ಹಾಸಿಗೆ ಸಲ್ಲತಕ್ಕದ್ದು."

"ಸೀಸೆಗೆ ತಾನೆ? ನನ್ನ ಹೆಸರಿದೆಯಾ ಅದರಲ್ಲಿ?"

ಅವರು ಪುಟ ತಿರುಗಿಸಿ ನೋಡಿದರು, ಹಿಂದಿನ ಪುಟವನ್ನೂ ನೋಡಿದರು. ಮನುಷ್ಯರ ಸುದ್ದಿಯೇ ಅದರಲ್ಲಿ ಇರಲಿಲ್ಲ.

"ಹಾಗಾದ್ರೆ ಇದು ಮಲಗಲಿ, ನಾನು ಮನೆಗೆ ಹೋಗ್ತೀನಿ. ಇಷ್ಟು ಸಣ್ಣ ಸೀಸೆ, ಪಕ್ಕದಲ್ಲಿ ಅಂಬುಜಕ್ಕ ಮಲಗಿದ್ರೆ ಅದಕ್ಕೇನೂ ಇಕ್ಕಟ್ಟಾಗಲ್ಲ."

ಹಾಗೆ ನಮ್ಮ ಊರಿನ ನಿಯಮಕ್ಕೆ ಕೂದಲಷ್ಟೂ ಊನವಾಗಲಿಲ್ಲ. ಗಾಳಿ ಹಾಸಿಗೆಯ ತಲೆದಿಂಬಿನ ಮೇಲೆ ಮರಿಮಲ್ಲಪ್ಪನ ಸೀಸೆಯನ್ನು ಮಲಗಿಸಿ, ಕರವಸ್ತ್ರ ಹೊದಿಸಿದರು. ಅದರ ಪಕ್ಕ ಅಕ್ಕ ಮಲಗಿದಳು. ಆಕ್ಸಿಜನ್ ನಳಿಕೆ ಅವಳ ಮೂಗಿಗೆ ಬಂತು. ಸಮಿತಿಯ ಪುಸ್ತಕದಲ್ಲಿ "ಹಾಸಿಗೆ: ಸೀಸೆ, ಜೊತೆಗೆ ಒಬ್ಬರು" ಅಂತ ಬರೆದರು.

ನನ್ನ ಬದುಕಿನ ಆ ಮೂರು ದಿನ ಯಾರಿಗೂ ಬರಬಾರದು. ಅಕ್ಕ ಇರುತ್ತಾಳೋ ಇಲ್ಲವೋ ಡಾಕ್ಟರಿಗೂ ಗೊತ್ತಿರಲಿಲ್ಲ. ನಾನು ಹಾಸಿಗೆಯ ಪಕ್ಕ ಕೂತು ಅವಳ ಬೆನ್ನಿಗೆ ಕಿವಿಯಿಟ್ಟು ಕೇಳುತ್ತಿದ್ದೆ. ಪಕ್ಕದಲ್ಲೇ ಸೀಸೆ ಕೊರೆಯುತ್ತಿತ್ತು, ನನಗೆ ಅದು ಕೇಳಿಸುತ್ತಲೇ ಇರಲಿಲ್ಲ. ನಾಲ್ಕನೆಯ ದಿನ ಬೆಳಿಗ್ಗೆ ಅವಳು ಕಣ್ಣು ಬಿಟ್ಟು ಒಂದೇ ಉಸಿರಿನಲ್ಲಿ, "ಆ ಸೀಸೆ ಬಾಯಿಗೊಂದು ಹೊಲಿಗೆ ಹಾಕೇ, ತಲೆ ಚಿಟ್ಟು ಹಿಡೀತಿದೆ" ಅಂದಳು. ಎಣಿಸಿ ನೋಡಿದೆ, ಎಂಟು ಪದ. ಡಾಕ್ಟರ್ ಇಂದುಧರ ಮುಖ ಆ ಕಡೆ ತಿರುಗಿಸಿ ಮೂಗು ಒರೆಸಿಕೊಂಡರು.

ಆಮೇಲೆ ಅವಳು ಬಾಯಿ ಬಿಟ್ಟಳು. ಜ್ವರ ಬಂದ ಮೊದಲ ದಿನವೇ ಅವಳು ತಾನೇ ಒಂದು ಹತ್ತಿಕಡ್ಡಿ ಮೂಗಿಗೆ ತೂರಿಸಿ, ಗುಂಡಿ ಹಾಕಿಡುವ ಸೀಸೆಯಲ್ಲಿಟ್ಟು ನೋಡಿದ್ದಳಂತೆ. ಮನೆಯೆಲ್ಲ ಹಾರಿಹೋಗುವಂತೆ ಕೂಗಿತಂತೆ. "ನಲವತ್ತೋ ಐವತ್ತೋ ಇರ್ಬೇಕು ಕಣೇ. ನೀನು ಹಿಡ್ಕೊಂಡು ಹೋಗಿ ಮಲಗಿಸ್ತೀಯ, ಕೋಟು ಯಾರು ಹೊಲೀಬೇಕು? ಮಖಮಲ್ಲಲ್ಲಿ ಸುತ್ತಿ ಟ್ರಂಕಿಗೆ ಹಾಕ್ದೆ. ಆವತ್ತು ನಂಗೇನೂ ಆಗಿರ್ಲಿಲ್ಲ, ನಾಲ್ಕು ಕೋಟು ಕತ್ತರಿಸಿದೀನಿ."

ಡಾಕ್ಟರು ಕುರ್ಚಿ ಎಳೆದುಕೊಂಡು ಕೂತರು. "ಅದೇ ನೋಡಿ. ಈ ವೈರಸ್ಸು ಮೊದಲು ಮೂಗಲ್ಲೇ ಸಂತೆ ಮಾಡ್ತದೆ. ಆಗ ಸೀಸೆ ಕೂಗ್ತದೆ, ಮನುಷ್ಯ ಓಡಾಡ್ಕೊಂಡು ಇರ್ತಾನೆ. ಕೆಲವರಲ್ಲಿ ಅಲ್ಲೇ ಸಂತೆ ಮುಗೀತದೆ, ಮರಿಮಲ್ಲಪ್ಪನವರ ಹಾಗೆ. ಕೆಲವರಲ್ಲಿ ಎದೆಗೆ ಇಳೀತದೆ. ಅಷ್ಟೊತ್ತಿಗೆ ಮೂಗು ಖಾಲಿ. ನಮ್ಮ ಕಡ್ಡಿ ಅಷ್ಟು ಕೆಳಗೆ ಹೋಗಲ್ಲವಲ್ಲ. ಎದೆ ಕೆಡೋದಕ್ಕೆ ಎಷ್ಟೋ ಸಲ ವೈರಸ್ಸಿಗಿಂತ ಅದರ ಜೊತೆ ಮೈ ಆಡೋ ಜಗಳವೇ ಕಾರಣ. ಅದು ಯಾವ ಸೀಸೆಗೂ ಸಿಗಲ್ಲ."

"ಮತ್ತೆ ಸೀಸೆ ಸುಳ್ಳು ಅನ್ನಿ" ಅಂದೆ. ನನ್ನ ದನಿ ನನಗೇ ಕಹಿಯಾಗಿತ್ತು.

"ಸುಳ್ಳಲ್ಲ. ಯಾರ ಮೂಗಲ್ಲಿ ಎಷ್ಟಿದೆ ಅಂತ ಸರಿಯಾಗೇ ಹೇಳ್ತದೆ. ಅರವತ್ತೆರಡು ಕೂಗಿದೋರ ಹತ್ರ ಯಾರೂ ಹೋಗಬೇಡಿ ಅಂತ ಅದರರ್ಥ. ನಾವು ಊರನ್ನೇ ಸಾಲಾಗಿ ಕಳಿಸಿದ್ವಿ."

ಇದು ಊರಿಗೆ ತಲುಪಲು ಹೊತ್ತು ಹಿಡಿಯಲಿಲ್ಲ. ಈಗ ಜೋರು ಸೀಸೆಯವರ ಮನೆಗೆ ಬ್ರೆಡ್ಡು, ಮೋಸಂಬಿಯನ್ನು ಕೋಲಿಗೆ ಕಟ್ಟಿ ಕಾಂಪೌಂಡಿನ ಮೇಲಿಂದ ಇಳಿಸುತ್ತಾರೆ. ಹತ್ತು ಗಂಟೆಗೆ ನಾನು ಮೊದಲು ಬೆನ್ನಿಗೆ ಕಿವಿಯಿಟ್ಟು ಉಸಿರು ಕೇಳುತ್ತೇನೆ, ಆಮೇಲೆ ಸೀಸೆ. ಸಮಿತಿಯವರು ನಿಯಮಕ್ಕೆ ಒಂದು ಸಾಲು ಸೇರಿಸಿದ್ದಾರೆ, ಮನುಷ್ಯ ಅನ್ನುವ ಮಾತು ಅದರಲ್ಲಿ ಎರಡು ಸಲ ಬರುತ್ತದೆ. ಮರಿಮಲ್ಲಪ್ಪನಿಗೆ ಮಾತ್ರ ಮನಸ್ಸಿಗೆ ಪೆಟ್ಟಾಗಿದೆ. ಇಡೀ ಊರು ಕಂಡ ದೊಡ್ಡ ರೋಗಿ ಅನ್ನಿಸಿಕೊಂಡಿದ್ದವನನ್ನು ಈಗ ಊರಿಗೆಲ್ಲ ನೆಗಡಿ ಹಂಚಿದವನು ಅನ್ನುತ್ತಾರಲ್ಲ. ಜನರೇನು ಸುಮ್ಮನಿರುವವರೇ? ಮೊನ್ನೆ ಕ್ಲಬ್ಬಿನ ಇಬ್ಬರು ಬಂದು ನನ್ನ ಮುಂದೆ ಕತ್ತಿನ ಗುಳಿ ಒಳಗೆಳೆದುಕೊಂಡು ಸ್ಪರ್ಧೆಗೆ ನಿಂತವರ ಹಾಗೆ ಏದುಸಿರು ಬಿಟ್ಟರು. ಒಬ್ಬರಿಗೆ ಸಿಗರೇಟು ಬಿಡಿ ಅಂದೆ, ಇನ್ನೊಬ್ಬರಿಗೆ ನಾಟಕದ ಕಂಪನಿ ಸೇರಿ ಅಂದೆ.

ಅಕ್ಕ ಹನ್ನೆರಡು ದಿನ ಆಸ್ಪತ್ರೆಯಲ್ಲಿದ್ದಳು. ಮನೆಗೆ ಹೊರಡುವ ಹಿಂದಿನ ದಿನ ಮಧ್ಯಾಹ್ನ ನಾನು ಅವಳಿಗೆ ಗಂಜಿ ಕುಡಿಸುತ್ತಿದ್ದೆ. ಬಿಸಿಲು ಮಂಚದ ಕಾಲಿನ ತನಕ ಬಂದಿತ್ತು. ಅವಳು ಚಮಚ ತಳ್ಳಿ ನನ್ನ ಮುಖ ನೋಡಿದಳು.

"ವನೂ, ನನ್ನ ಹಾಗೆ ಸೊನ್ನೆ ಬಂದೋರನ್ನ ಇಷ್ಟು ವರ್ಷದಲ್ಲಿ ಎಷ್ಟು ಜನಾನ ಮನೆಗೆ ಕಳಿಸಿದೀಯೇ?"

ನಲವತ್ತೊಂದು. ರಿಜಿಸ್ಟರ್ ತೆಗೆದು ನೋಡುವ ಅಗತ್ಯ ನನಗಿರಲಿಲ್ಲ. ಸೊನ್ನೆಗಳು ಕಡಿಮೆ, ಅದಕ್ಕೇ ಎಲ್ಲ ನೆನಪಿನಲ್ಲಿವೆ. ಹೆಸರು ಗೊತ್ತು, ಬೀದಿ ಗೊತ್ತು, ಮನೆಗೆ ಹೋಗಿ ಮಲಗಿ ಅಂದಾಗ ಯಾರು ಕೈ ಮುಗಿದು ಹೋದರು ಅನ್ನುವುದೂ ಗೊತ್ತು. ಅವರಲ್ಲಿ ಬಹಳ ಜನ ಚೆನ್ನಾಗೇ ಇದ್ದಾರೆ, ಸಂತೆಯಲ್ಲಿ ಸಿಗುತ್ತಾರೆ, ಮಾತಾಡಿಸುತ್ತಾರೆ. ಎಲ್ಲರೂ ಸಿಗುವುದಿಲ್ಲ.

"ಗೊತ್ತಿಲ್ಲಕ್ಕ" ಅಂದೆ.

ಅಕ್ಕ ಗಂಜಿಯ ಬಟ್ಟಲನ್ನು ನನ್ನ ಕೈಯಿಂದ ತೆಗೆದು ಕೆಳಗಿಟ್ಟಳು. ಮರಿಮಲ್ಲಪ್ಪನ ಸೀಸೆಯನ್ನು ದಿಂಬಿನಿಂದ ಎತ್ತಿ ಕಿಟಕಿಯ ಕಟ್ಟೆಗೆ ಸರಿಸಿ, ಗೋಡೆಯ ಕಡೆ ಸ್ವಲ್ಪ ಒತ್ತರಿಸಿಕೊಂಡು, "ಬಾ, ಇಲ್ಲಿ ಮಲಕ್ಕೋ" ಅಂದಳು.